ಮೀಥೈಲ್ ಅಸಿಟೇಟ್ ಪ್ರಯೋಗ: ಗ್ರಾಫ್ ನೆಟ್ಟಗಿದ್ದರೂ ಉತ್ತರ ತಪ್ಪುವುದೇಕೆ

ಫಿಸಿಕಲ್ ಕೆಮಿಸ್ಟ್ರಿ ಲ್ಯಾಬಿನಲ್ಲಿ ಆಮ್ಲದ ನೆರವಿನಿಂದ ಮೀಥೈಲ್ ಅಸಿಟೇಟ್ ಒಡೆಯುವ ದರ ಅಳೆಯುವ ಪ್ರಯೋಗ ಸುಲಭವೆಂದೇ ಹೆಸರಾಗಿದೆ. ಉಪಕರಣ ಹೆಚ್ಚು ಬೇಕಿಲ್ಲ, ಟೈಟ್ರೇಷನ್ (ಕ್ಷಾರವನ್ನು ಹನಿಹನಿಯಾಗಿ ಹಾಕಿ ಆಮ್ಲ ಎಷ್ಟಿದೆಯೆಂದು ಅಳೆಯುವುದು) ಗೊತ್ತಿದ್ದರೆ ಸಾಕು. ಆದರೂ ಒಂದೇ ಬ್ಯಾಚಿನಲ್ಲಿ, ಒಂದೇ ಮೇಜಿನ ಮೇಲೆ ಬರುವ ದರ ಸ್ಥಿರಾಂಕಗಳು (ಕ್ರಿಯೆ ಎಷ್ಟು ವೇಗವೆಂದು ಹೇಳುವ ಸಂಖ್ಯೆಗಳು) ಒಂದಕ್ಕೊಂದು ತಾಳೆಯಾಗುವುದಿಲ್ಲ.

100 ಮಿ.ಲೀ. 0.5 ನಾರ್ಮಲ್ (ಸಾಂದ್ರತೆಯ ಮಾನ) ಹೈಡ್ರೋಕ್ಲೋರಿಕ್ ಆಮ್ಲಕ್ಕೆ 5 ಮಿ.ಲೀ. ಎಸ್ಟರ್, ಅಂದರೆ ಮೀಥೈಲ್ ಅಸಿಟೇಟ್, ಹಾಕಿ, ಹತ್ತು ಹತ್ತು ನಿಮಿಷಕ್ಕೆ 5 ಮಿ.ಲೀ. ತೆಗೆದು ಟೈಟ್ರೇಟ್ ಮಾಡಬೇಕು. ಎಸ್ಟರ್ ಒಡೆದಂತೆಲ್ಲ ಅಸಿಟಿಕ್ ಆಮ್ಲ ಹುಟ್ಟುವುದರಿಂದ ರೀಡಿಂಗ್ ಏರುತ್ತಾ ಹೋಗುತ್ತದೆ. ಬ್ಯೂರೆಟ್‌ಗೆ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ತುಂಬಿದರೆ ಕೊನೆಯ ರೀಡಿಂಗ್ 50 ಮಿ.ಲೀ. ದಾಟುತ್ತದೆ, ಮಧ್ಯದಲ್ಲೇ ಮತ್ತೆ ತುಂಬಬೇಕಾಗುತ್ತದೆ. 0.2 ನಾರ್ಮಲ್ ತೆಗೆದುಕೊಂಡರೆ ಶುರುವಿಗೆ ಸುಮಾರು 11.9, ಕೊನೆಗೆ 26.9ರ ಹತ್ತಿರ ನಿಲ್ಲುತ್ತದೆ.

ಪಿಪೆಟ್‌ನಿಂದ ಹೊರಬಂದದ್ದು ನೇರವಾಗಿ 25 ಮಿ.ಲೀ. ಐಸ್ ನೀರಿಗೇ ಬೀಳಬೇಕು. ಕ್ರಿಯೆ ಅಲ್ಲಿ ಪೂರ್ತಿ ನಿಲ್ಲುವುದಿಲ್ಲ. ಆಮ್ಲ ತೆಳುವಾಗಿ, ತಣ್ಣಗಾಗಿ ಬಹಳ ನಿಧಾನವಾಗುತ್ತದೆ, ಅಷ್ಟೆ. ಪಿಪೆಟ್ ಅರ್ಧ ಖಾಲಿಯಾದ ಕ್ಷಣವನ್ನೇ ಸಮಯವೆಂದು ಬರೆದುಕೊಳ್ಳಿ. ಕೋಣೆ 30 ಡಿಗ್ರಿ ಇದ್ದಾಗ ಮೊದಲ ಹತ್ತು ನಿಮಿಷಕ್ಕೆ ರೀಡಿಂಗ್ ಏರುವುದು ಮುಕ್ಕಾಲು ಮಿ.ಲೀ.ಯಷ್ಟೇ, ಹಾಗಾಗಿ ಎರಡು ಹನಿ ಹೆಚ್ಚು ಬಿದ್ದರೂ ಅಲ್ಲಿ ದೊಡ್ಡ ತಪ್ಪೇ. ಸೂಚಕವಾದ ಫಿನಾಫ್ತಲೀನ್‌ನ ತೆಳು ಗುಲಾಬಿ ಅರ್ಧ ನಿಮಿಷ ನಿಂತರೆ ಮುಗಿಯಿತು. ಆಮೇಲೆ ಬಣ್ಣ ಮಾಸಿತೆಂದು ಮತ್ತೆ ಹನಿ ಹಾಕಬಾರದು. ಉಳಿದ ಎಸ್ಟರನ್ನು ಕ್ಷಾರವೂ ಒಡೆಯುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡೂ ಬಣ್ಣ ಕಳೆಯುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದವರೂ ಎಡವುವುದು ಇನ್ಫಿನಿಟಿ ರೀಡಿಂಗಿನಲ್ಲಿ, ಅಂದರೆ ಎಸ್ಟರ್ ಪೂರ್ತಿ ಒಡೆದ ಮೇಲೆ ತೆಗೆಯುವ ಕೊನೆಯ ರೀಡಿಂಗಿನಲ್ಲಿ. ಸಮಯವಿಲ್ಲವೆಂದು ಉಳಿದ ಮಿಶ್ರಣವನ್ನು 60 ಡಿಗ್ರಿ ವಾಟರ್ ಬಾತ್‌ನಲ್ಲಿ ಅರ್ಧ ಗಂಟೆ ಇಡುತ್ತಾರೆ. ಆ ಉಷ್ಣತೆಯಲ್ಲೂ ಅರ್ಧಾಯು (ಇದ್ದ ಎಸ್ಟರ್‌ನಲ್ಲಿ ಅರ್ಧ ಒಡೆಯಲು ಬೇಕಾದ ಸಮಯ) ಸುಮಾರು 11 ನಿಮಿಷ. ಅಂದರೆ ಅರ್ಧ ಗಂಟೆಯ ನಂತರವೂ ಇಟ್ಟಾಗ ಇದ್ದ ಎಸ್ಟರ್‌ನಲ್ಲಿ ಸುಮಾರು ಆರನೇ ಒಂದು ಪಾಲು ಒಡೆಯದೇ ಉಳಿದಿರುತ್ತದೆ. ಮೀಥೈಲ್ ಅಸಿಟೇಟ್ ಕುದಿಯುವುದು 57 ಡಿಗ್ರಿಯಲ್ಲಿ. ಫ್ಲಾಸ್ಕಿನ ಬಾಯಿ ತೆರೆದಿದ್ದರೆ ಅದರಲ್ಲೂ ಒಂದಿಷ್ಟು ಹಾರಿಹೋಗುತ್ತದೆ. ಎರಡೂ ತಪ್ಪು ಒಂದೇ ಕಡೆಗೆ ಎಳೆಯುತ್ತವೆ: ರೀಡಿಂಗ್ ಕಡಿಮೆ ಬರುತ್ತದೆ.

ಒಂದು ಲೆಕ್ಕ ನೋಡಿ. ಸೂತ್ರ ಇದು: (ಇನ್ಫಿನಿಟಿ − ಶುರುವಿನ ರೀಡಿಂಗ್) ಅನ್ನು (ಇನ್ಫಿನಿಟಿ − ಆ ಹೊತ್ತಿನ ರೀಡಿಂಗ್) ಇಂದ ಭಾಗಿಸಿ, ಬಂದದ್ದರ ನ್ಯಾಚುರಲ್ ಲಾಗ್ ಅನ್ನು ಸಮಯದಿಂದ ಭಾಗಿಸಿದರೆ ದರ ಸ್ಥಿರಾಂಕ. ಶುರುವಿಗೆ 11.9, 60 ನಿಮಿಷಕ್ಕೆ 16.0, ಇನ್ಫಿನಿಟಿ 26.9 ಇದ್ದರೆ ದರ ಸ್ಥಿರಾಂಕ ನಿಮಿಷಕ್ಕೆ 0.0053. ಇನ್ಫಿನಿಟಿಯನ್ನು 25.4 ಎಂದು ಓದಿದರೆ 0.0060. ಶೇ. 13ರಷ್ಟು ಹೆಚ್ಚಾಯಿತು. ಆದರೆ 30 ನಿಮಿಷದ ಬಿಂದುವಿನಿಂದ ಲೆಕ್ಕ ಹಾಕಿದರೂ ಹೆಚ್ಚುಕಡಿಮೆ ಅದೇ 0.0060 ಸಿಗುತ್ತದೆ! ಸಮಯದ ಎದುರು (ಇನ್ಫಿನಿಟಿ − ರೀಡಿಂಗ್)ನ ಲಾಗ್ ಹಾಕಿದ ಒಂದು ಗಂಟೆಯ ಗ್ರಾಫಿನಲ್ಲಿ ಬಾಗು ಕಾಣುವುದೇ ಇಲ್ಲ. ರೆಕಾರ್ಡಿನಲ್ಲಿ ಗೆರೆ ಚೆನ್ನಾಗಿ ನೆಟ್ಟಗಿರುತ್ತದೆ, ಸಂಖ್ಯೆ ತಪ್ಪಿರುತ್ತದೆ. ಮೂರು ನಾಲ್ಕು ಗಂಟೆ ರೀಡಿಂಗ್ ತೆಗೆದರೆ ಮಾತ್ರ ಗೆರೆ ಕೆಳಗೆ ಬಾಗುವುದು ಗೊತ್ತಾಗುತ್ತದೆ.

ಮುಚ್ಚಳಕ್ಕೆ ಗ್ರೀಸ್ ಹಚ್ಚಿ ಬಿಗಿಯಾಗಿ ಮುಚ್ಚಿ ಮರುದಿನದವರೆಗೆ ಇಡುವುದೇ ಒಳ್ಳೆಯ ದಾರಿ. 30 ಡಿಗ್ರಿಯಲ್ಲಿ 24 ಗಂಟೆ ಎಂದರೆ ಸುಮಾರು ಹನ್ನೊಂದು ಅರ್ಧಾಯು, ಧಾರಾಳವಾಗಿ ಸಾಕು. ಬಿಸಿ ಮಾಡಲೇಬೇಕಿದ್ದರೆ ರಿಫ್ಲಕ್ಸ್ ಕಂಡೆನ್ಸರ್ (ಆವಿಯನ್ನು ತಣಿಸಿ ಮತ್ತೆ ಫ್ಲಾಸ್ಕಿಗೇ ಇಳಿಸುವ ಕೊಳವೆ) ಹಾಕಿ ಒಂದೂವರೆ ಗಂಟೆ ಇಡಿ.

ಕ್ಷಾರದ ನಿಖರ ನಾರ್ಮಾಲಿಟಿಗಾಗಿ ಬೆಳಗ್ಗೆ ಅರ್ಧ ಗಂಟೆ ಕಳೆಯುವ ವಿದ್ಯಾರ್ಥಿಗಳಿದ್ದಾರೆ. ಈ ಪ್ರಯೋಗದಲ್ಲಿ ಅದು ಬೇಕಾಗಿಯೇ ಇಲ್ಲ. ಸೂತ್ರದಲ್ಲಿರುವುದು ಎರಡು ವ್ಯತ್ಯಾಸಗಳ ಅನುಪಾತ, ನಾರ್ಮಾಲಿಟಿ ಮೇಲೂ ಕೆಳಗೂ ಹೊಡೆದುಹೋಗುತ್ತದೆ. ಬೇಕಾದದ್ದು ಮೊದಲಿನಿಂದ ಕೊನೆಯವರೆಗೂ ಅದೇ ಕ್ಷಾರ. ಮರುದಿನ ಬೇರೆ ಬಾಟಲಿ ಬಳಸಿದರೆ, ಅಥವಾ ಅದೇ ಬಾಟಲಿ ರಾತ್ರಿಯಿಡೀ ತೆರೆದಿದ್ದರೆ, ಆಗ ಮಾತ್ರ ಎರಡೂ ದಿನದ ನಾರ್ಮಾಲಿಟಿ ಕಂಡುಹಿಡಿದು ರೀಡಿಂಗ್ ಸರಿಪಡಿಸಿಕೊಳ್ಳಬೇಕು.