ಸುಡದ ಮನೆ

ಶನಿವಾರ, 14 ಅಕ್ಟೋಬರ್ 2023

ಇವತ್ತು ಅಮೆರಿಕದ ನ್ಯೂಪೋರ್ಟ್‌ನಲ್ಲಿ ಬ್ರೇಕರ್ಸ್ ಬಂಗಲೆ ನೋಡ್ಕೊಂಡು ಬಂದೆ, ರಾತ್ರಿ ಹನ್ನೊಂದಾದ್ರೂ ತಲೆಯಿಂದ ಹೋಗ್ತಿಲ್ಲ. 70 ರೂಮು, ಹಿಂದ್ಗಡೆ ನೇರ ಅಟ್ಲಾಂಟಿಕ್. ಇದನ್ನ ಅವರು ಕರೀತಿದ್ದದ್ದು ಕಾಟೇಜ್ ಅಂತ, ಬಂದು ಇರ್ತಿದ್ದದ್ದು ಬೇಸಿಗೇಲಿ ಮಾತ್ರ!

ರೈಲು ಕಂಪನಿಗಳ ಯಜಮಾನ ಎರಡನೇ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್ 1885ರಲ್ಲಿ ಇದೇ ಜಾಗದಲ್ಲಿದ್ದ ಹಳೇ ಮನೆ ಕೊಂಡ್ಕೊಂಡಿದ್ರು. 1892 ಅವರ ಪಾಲಿಗೆ ಎಂಥ ವರ್ಷ ನೋಡಿ, ಮೇ ತಿಂಗಳಲ್ಲಿ ಕಾಲೇಜು ಓದ್ತಿದ್ದ ಹಿರೀ ಮಗ ಟೈಫಾಯ್ಡ್ ಬಂದು ತೀರ್ಕೊಂಡ, ನವೆಂಬರ್‌ನಲ್ಲಿ ಮನೆ ಪೂರ್ತಿ ಸುಟ್ಟೋಯ್ತು. ಆಮೇಲೆ ರಿಚರ್ಡ್ ಮಾರಿಸ್ ಹಂಟ್ ಅನ್ನೋ ಆರ್ಕಿಟೆಕ್ಟ್ ಕೈಲಿ ಕಟ್ಟಿಸಿದ್ದು ಇದು. ಕಲ್ಲು, ಇಟ್ಟಿಗೆ, ಸ್ಟೀಲು ಅಷ್ಟೇ, ಭಾರ ಹೊರೋ ತೊಲೆ ಒಂದೂ ಮರದ್ದಲ್ಲ. ಬಾಯ್ಲರನ್ನೂ ಮನೆಯೊಳಗೆ ಸೇರಿಸಿಲ್ಲ, ದೂರದಲ್ಲಿ ನೆಲದಡಿ ಇಟ್ಟು ಸುರಂಗ ತೋಡಿಸಿದಾರೆ. ಬಚ್ಚಲಲ್ಲಿ ಸಮುದ್ರದ ನೀರಿಗೂ ಬೇರೆ ನಲ್ಲಿ, ಬಿಸೀದೊಂದು ತಣ್ಣಗಿನದೊಂದು.

1895ರಲ್ಲಿ ಗೃಹಪ್ರವೇಶ. 1896ರಲ್ಲೇ ಅವರಿಗೆ ಸ್ಟ್ರೋಕ್ ಆಯ್ತು, 1899ರಲ್ಲಿ 55 ವರ್ಷಕ್ಕೆ ಹೋಗ್ಬಿಟ್ರು. ಬೆಂಕಿಗೆ ಅಷ್ಟೊಂದು ಹೆದರಿ ಮನೆ ಕಟ್ಟಿದ ಮನುಷ್ಯ ಅದರಲ್ಲಿ ಗಟ್ಟಿಯಾಗಿ ಓಡಾಡಿದ್ದು ಒಂದೇ ಬೇಸಿಗೆ. ಐವತ್ತಡಿ ಎತ್ತರದ ಆ ಹಾಲ್‌ನಲ್ಲಿ ನಿಂತು ಇದನ್ನ ಕೇಳ್ತಿದ್ರೆ ಚಿನ್ನದ ಕೆಲಸ, ಅಮೃತಶಿಲೆ ಯಾವುದೂ ಕಣ್ಣಿಗೆ ಬೀಳ್ಲಿಲ್ಲ ನಂಗೆ.

ನನ್ನ ಪ್ರಕಾರ ಇದು ನಿಜವಾಗಿ ಅವರ ಹೆಂಡತಿ ಆಲಿಸ್ ಮನೆ. 1934ರವರೆಗೂ ಬದುಕಿದ್ರು, ಏಳು ಮಕ್ಕಳಲ್ಲಿ ನಾಲ್ವರ ಸಾವು ನೋಡಿದ್ರು, ಅದರಲ್ಲಿ ಆಲ್‌ಫ್ರೆಡ್ 1915ರಲ್ಲಿ ಲೂಸಿಟೇನಿಯಾ ಹಡಗು ಮುಳುಗಿದಾಗ ಹೋದವನು. ಅವನಿಲ್ಲದ ಮೇಲೂ ಬೇಸಿಗೆ ಬಂದಾಗ ಇದೇ ಕಿಟಕಿಗಳಿಂದ ಸಮುದ್ರ ನೋಡ್ಬೇಕಲ್ವಾ ಆ ತಾಯಿ.

ಆಲಿಸ್ ನಂತರ ಮನೆ ಬಂದಿದ್ದು ಕಿರೀ ಮಗಳು ಗ್ಲಾಡಿಸ್‌ಗೆ, ಹಂಗೇರಿಯ ಕೌಂಟ್ ಒಬ್ಬರನ್ನ ಮದುವೆಯಾದವರು. ಅವರು 1948ರಲ್ಲಿ ವರ್ಷಕ್ಕೆ 1 ಡಾಲರ್ ಬಾಡಿಗೆ ಅಂತ ನ್ಯೂಪೋರ್ಟ್ ಕೌಂಟಿಯ ಪ್ರಿಸರ್ವೇಶನ್ ಸೊಸೈಟಿಗೆ ಬಿಟ್ಕೊಟ್ರು. ಉಳಿದಿದ್ದು ಅದರಿಂದಲೇ ಅನ್ನಿಸುತ್ತೆ, ಅವರ ಋಣ ದೊಡ್ಡದು. 1972ರಲ್ಲಿ ಸೊಸೈಟಿಯೇ ಕೊಂಡ್ಕೊಳ್ತು. ಆದ್ರೂ ಮೂರನೇ ಮಹಡೀಲಿ ಮನೆಯವರು 2018ರವರೆಗೆ ಇದ್ರು, ಕೆಳಗಡೆ ನಮ್ಮಂಥೋರು ಟಿಕೆಟ್ ತಗೊಂಡು ಸುತ್ತೋದು, ಮೇಲ್ಗಡೆ ಅವರ ಊಟ, ನಿದ್ದೆ, ಮಾತುಕತೆ. ಹೊರಗೆ ಬಂದ್ಮೇಲೆ ಕ್ಲಿಫ್ ವಾಕ್ ದಾರೀಲಿ ನಿಂತು ಆ ಮೇಲಿನ ಕಿಟಕಿಗಳನ್ನೇ ನೋಡ್ತಿದ್ದೆ, ಕತ್ತಲಾಗೋ ತನಕ.