ಅಲ್ಲಾ, ಮಡಗಾಸ್ಕರ್‌ಗೇ ಯಾಕೆ?

ನಾನು ಧಾರವಾಡದಲ್ಲಿ ಭೂವಿಜ್ಞಾನ ಎಂ.ಎಸ್ಸಿ. ಓದುತ್ತಿದ್ದೇನೆ. ಊರು ಸವಣೂರಿನ ಹತ್ತಿರದ ಒಂದು ಹಳ್ಳಿ. ಹಾಸ್ಟೆಲಿನಲ್ಲಿ ಹೊಸಬರು ಪರಿಚಯವಾದರೂ, ಊರಲ್ಲಿ ನೆಂಟರು ಬಂದರೂ, ಮಾತು ಸುತ್ತಿ ಬಳಸಿ ‘ಓದು ಮುಗಿದ ಮೇಲೆ ಎಲ್ಲಿಗೆ ಹೋಗಬೇಕು ಅಂತಿದೀಯಾ?’ ಅನ್ನುವಲ್ಲಿಗೆ ಬರುತ್ತದೆ. ‘ಮಡಗಾಸ್ಕರ್‌ಗೆ’ ಅನ್ನುತ್ತೇನೆ. ಆಗ ಎಲ್ಲರದ್ದೂ ಒಂದೇ ಪ್ರಶ್ನೆ: ಅಲ್ಲಾ, ಮಡಗಾಸ್ಕರ್‌ಗೇ ಯಾಕೆ? ನಮ್ಮ ಕಾಕಾನಂತೂ ಪ್ರತಿ ಹಬ್ಬಕ್ಕೂ ಕೇಳುತ್ತಾನೆ. ‘ರೊಕ್ಕಾ ಖರ್ಚ ಮಾಡಿ ಹೋಗೂದಾದ್ರ ಸ್ವಿಟ್ಜರ್ಲೆಂಡಿಗೆ ಹೋಗವಾ. ಅಲ್ಲೇನೈತಿ?’

ಅಲ್ಲೇನಿದೆ ಅಂತ ನಿಂತ ಕಾಲಲ್ಲಿ ಹೇಳಿ ಮುಗಿಸೋಕೆ ಆಗುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಚಿಕ್ಕದಾಗಿ ಹೇಳಬೇಕೆಂದರೆ ಇಷ್ಟು. ಮಡಗಾಸ್ಕರ್ ಅಂದರೆ ಆಫ್ರಿಕಾದ ಪೂರ್ವಕ್ಕಿರುವ ದೊಡ್ಡ ದ್ವೀಪ. ಒಂದು ಕಾಲದಲ್ಲಿ ಅದರ ಪೂರ್ವದ ಅಂಚು ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಮಧ್ಯೆ ಸಮುದ್ರವೇ ಇರಲಿಲ್ಲ. ಆಮೇಲೆ ಎರಡೂ ಬೇರೆಯಾದವು. ಈಗ ನಡುವೆ ಸುಮಾರು 4,000 ಕಿಲೋಮೀಟರ್ ನೀರಿದೆ. ಒಡೆದ ಈಚೆ ಬದಿಯನ್ನು ನಾನು ನೋಡಿದ್ದೇನೆ. ಆಚೆ ಬದಿ ನೋಡಬೇಕು.

ಈಚೆ ಬದಿ ನೋಡೋಕೆ ವೀಸಾ ಬೇಡ. ಉಡುಪಿಗೆ ಹೋಗಿ, ಮಲ್ಪೆಯಲ್ಲಿ ದೋಣಿ ಹತ್ತಿದರೆ ಸಾಕು. ಸೇಂಟ್ ಮೇರೀಸ್ ದ್ವೀಪ ಅಂತ ಎಲ್ಲರಿಗೂ ಗೊತ್ತು. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದ ಅನ್ನುವ ಕಥೆಯನ್ನು ದೋಣಿಯವರೂ ಹೇಳುತ್ತಾರೆ. ಜನ ಅಲ್ಲಿ ಕಪ್ಪೆಚಿಪ್ಪು ಆರಿಸುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಎಳನೀರು ಕುಡಿದು ವಾಪಸ್ ಬರುತ್ತಾರೆ. ಆದರೆ ಅಲ್ಲಿ ನಿಜವಾಗಿ ನೋಡಬೇಕಾದ್ದು ಕಂಬಗಳನ್ನು. ಯಾರೋ ಕಡೆದು ನಿಲ್ಲಿಸಿದ ಹಾಗೆ ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ. ಮೇಲಿನಿಂದ ನೋಡಿದರೆ ಕೆಲವಕ್ಕೆ ಐದು ಮೂಲೆ, ಕೆಲವಕ್ಕೆ ಆರು, ಅಲ್ಲೊಂದು ಇಲ್ಲೊಂದಕ್ಕೆ ಏಳು. ಯಾರ ಕೈಯೂ ಸೋಕಿಲ್ಲ. ಲಾವಾ ಹರಿದು, ನಿಂತು, ಆರುತ್ತಾ ಬಂದಾಗ ಕುಗ್ಗಿದೆ. ಕುಗ್ಗಿದ್ದು ಬಿರುಕು ಬಿಟ್ಟಿದೆ. ನಮ್ಮ ಕಡೆ ಎರೆಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದಲ್ಲ, ಹಾಗೆ. ಹೊಲದ ಬಿರುಕು ಮೊದಲ ಮಳೆಗೆ ಮುಚ್ಚಿಹೋಗುತ್ತದೆ. ಲಾವಾದ ಬಿರುಕು ಮೇಲಿನಿಂದ ಒಳಗಿಳಿಯುತ್ತಾ ಹೋಗಿ ಇಡೀ ಬಂಡೆಯನ್ನು ಕಂಬಗಳಾಗಿ ಸೀಳಿದೆ.

ಆ ಲಾವಾ ಬಂದದ್ದು ಯಾಕೆ ಅಂದರೆ ನೆಲ ಸೀಳುತ್ತಿತ್ತು. ಭಾರತ ಮತ್ತು ಮಡಗಾಸ್ಕರ್ ಆಗತಾನೆ ಬೇರೆಯಾಗುತ್ತಿದ್ದವು. ಕಲ್ಲಿನ ವಯಸ್ಸು ಸುಮಾರು 8.5ರಿಂದ 9.1 ಕೋಟಿ ವರ್ಷ. ಎರಡು ಬೇರೆ ವಿಧಾನಗಳಲ್ಲಿ ಅಳೆದಿರುವುದರಿಂದ ಉತ್ತರ ಒಂದಿಷ್ಟು ಹಿಂದೆ ಮುಂದೆ ಆಗುತ್ತದೆ. ಒಂದು ವಿಧಾನದಲ್ಲಿ ಆರ್ಗಾನ್ ಅನಿಲ ಅಳೆಯುತ್ತಾರೆ. ಇನ್ನೊಂದರಲ್ಲಿ ಜಿರ್ಕಾನ್ ಹರಳಿನ ಯುರೇನಿಯಂ ಮತ್ತು ಸೀಸ ಅಳೆಯುತ್ತಾರೆ. ಹೆಚ್ಚುಕಡಿಮೆ ಅದೇ ಕಾಲದ ಲಾವಾ ಮಡಗಾಸ್ಕರ್‌ನಲ್ಲೂ ಇದೆ. ಅಲ್ಲಿ ಅದು ನಮ್ಮ ಪುಟ್ಟ ದ್ವೀಪದಷ್ಟಲ್ಲ. ಪೂರ್ವದ ಕರಾವಳಿಯುದ್ದಕ್ಕೂ, ಪಶ್ಚಿಮದಲ್ಲೂ, ದಕ್ಷಿಣದ ಆಂಡ್ರಾಯ್ ಪ್ರದೇಶದಲ್ಲೂ ಹರಡಿದೆ. ಭೂಮಿಯ ಒಳಗಿನಿಂದ ಬಿಸಿ ಮೇಲೆದ್ದು ಬಂದ ಜಾಗ, ಅಂದರೆ ಮೇರಿಯನ್ ಹಾಟ್‌ಸ್ಪಾಟ್, ಈ ಒಡಕಿಗೆ ಜೊತೆಯಾಗಿತ್ತು ಅಂತ ಬಹಳಷ್ಟು ಭೂವಿಜ್ಞಾನಿಗಳು ಹೇಳುತ್ತಾರೆ. ಮಡಗಾಸ್ಕರ್‌ನ ನಕ್ಷೆ ತೆಗೆದು ಒಮ್ಮೆ ಪೂರ್ವದ ಅಂಚನ್ನು ನೋಡಿ. ಪಟ್ಟಿ ಇಟ್ಟು ಗೆರೆ ಎಳೆದ ಹಾಗಿದೆ.

ಸೇಂಟ್ ಮೇರೀಸ್ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಸುತ್ತಿಗೆ ಎತ್ತುವ ಹಾಗಿಲ್ಲ, ಎತ್ತಲೂಬಾರದು. ಆ ಕಲ್ಲನ್ನು ನಾನು ಹತ್ತಿರದಿಂದ ನೋಡಿದ್ದು ಲ್ಯಾಬಿನಲ್ಲಿ, ಹಳೆಯ ಒಂದು ಥಿನ್ ಸೆಕ್ಷನ್‌ನಲ್ಲಿ. ಥಿನ್ ಸೆಕ್ಷನ್ ಅಂದರೆ ಕಲ್ಲಿನ ತೆಳು ಹೋಳು. ಕಲ್ಲನ್ನು ಕೊಯ್ದು, ಗಾಜಿನ ಸ್ಲೈಡಿಗೆ ಅಂಟಿಸಿ, ಕಾರ್ಬೊರಂಡಮ್ ಪುಡಿಗೆ ನೀರು ಹಾಕಿ ಉಜ್ಜುತ್ತಲೇ ಇರಬೇಕು. ದಪ್ಪ 0.03 ಮಿಲಿಮೀಟರ್‌ಗೆ ಬರುವವರೆಗೂ ಉಜ್ಜಬೇಕು. ಅಷ್ಟು ತೆಳುವಾದಾಗ ಕಲ್ಲಿನೊಳಗಿಂದ ಬೆಳಕು ಹಾಯುತ್ತದೆ. ಅಳೆಯೋಕೆ ಸ್ಕೇಲ್ ಉಪಯೋಗಕ್ಕೆ ಬರುವುದಿಲ್ಲ. ಕಲ್ಲಿನಲ್ಲಿ ಕ್ವಾರ್ಟ್ಜ್ ಇದ್ದರೆ ಅದರ ಬಣ್ಣ ನೋಡುತ್ತೇವೆ. ಸೂಕ್ಷ್ಮದರ್ಶಕದ ಎರಡೂ ಪೋಲರಾಯ್ಡ್ ಫಿಲ್ಟರ್‌ಗಳನ್ನು ಒಂದಕ್ಕೊಂದು ಅಡ್ಡ ಇಟ್ಟಾಗ ಕ್ವಾರ್ಟ್ಜ್ ಹಳದಿಯಾಗಿ ಕಂಡರೆ ಇನ್ನೂ ದಪ್ಪ ಇದೆ, ಬೂದು ಬಣ್ಣವಾದರೆ ಸಾಕು. ಒಂದು ಕೈ ಜಾಸ್ತಿ ಉಜ್ಜಿದರೆ ಕಲ್ಲೇ ಇರುವುದಿಲ್ಲ!

ಆ ಸ್ಲೈಡಿನಲ್ಲಿ ಪ್ಲೇಜಿಯೋಕ್ಲೇಸ್ ಹರಳುಗಳು ಕಪ್ಪು ಬಿಳಿ ಪಟ್ಟೆ ಪಟ್ಟೆಯಾಗಿ ಕಾಣುತ್ತವೆ. ನೋಡೋಕೆ ಚೆಂದ. ಆದರೆ ನಾನು ಮತ್ತೆ ಮತ್ತೆ ನೋಡುವುದು ನಡುನಡುವಿನ ಕಪ್ಪು ಚುಕ್ಕೆಗಳನ್ನು. ಸ್ಲೈಡನ್ನು ಎತ್ತ ತಿರುಗಿಸಿದರೂ ಅವು ಕಪ್ಪೇ. ಮ್ಯಾಗ್ನೆಟೈಟ್ ಥರದ ಅದಿರಿನ ಕಣಗಳು. ಲಾವಾ ಆರುವಾಗ ಇಂಥ ಕಣಗಳು ಆ ಹೊತ್ತಿನ ಭೂಮಿಯ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ದಿಕ್ಕು ನೆಲದ ಕಡೆ ಎಷ್ಟು ಬಾಗಿದೆ ಅಂತ ಅಳೆದರೆ, ಆ ಕಲ್ಲು ಹುಟ್ಟಿದಾಗ ಸಮಭಾಜಕದಿಂದ ಎಷ್ಟು ದೂರ ಇತ್ತು ಅಂತ ಗೊತ್ತಾಗುತ್ತದೆ. ಮಲ್ಪೆ ಈಗ ಉತ್ತರಕ್ಕೆ 13 ಡಿಗ್ರಿಯಲ್ಲಿದೆ. ಕಲ್ಲು ಹೇಳುವುದೇ ಬೇರೆ. ಅದು ಹುಟ್ಟಿದ್ದು ದೂರದ ದಕ್ಷಿಣದಲ್ಲಿ, ಸಮಭಾಜಕದ ಆಚೆ. ಮಲ್ಪೆ ಇದ್ದಲ್ಲೇ ಇದೆ ಅಂತ ನಾವಂದುಕೊಂಡಿದ್ದೇವೆ, ಆದರೆ ಅದು ಅಷ್ಟು ದೂರದಿಂದ ಬಂದಿದೆ. ಈಗಲೂ ನಿಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಜಿಪಿಎಸ್ ಕೇಂದ್ರ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. ನಾವೂ ಅದರ ಜೊತೆಗೇ.

ಇದನ್ನು ಓದಿದ ಮೇಲೆ ನನ್ನ ತಲೆ ತುಂಬ ಒಂದೇ ಕುತೂಹಲ. ಎರಡೂ ಕಡೆ ಒಂದೇ ಥರ ಕಾಣುವ ಇನ್ನೇನೇನಿದೆ? ಅದರಲ್ಲಿ ಯಾವುದು ನೆಲ ಕೂಡಿದ್ದ ಕಾಲದ್ದು, ಯಾವುದು ಆಮೇಲೆ ಬೇರೆ ದಾರಿಯಲ್ಲಿ ಬಂದದ್ದು?

ಮೊದಲು ನೆನಪಾಗಿದ್ದು ನಮ್ಮ ಸವಣೂರಿನ ಮರಗಳು. ದೊಡ್ಡಹುಣಸೆ ಮರದ ಮಠದ ಮೂರು ಮರಗಳು ಅಂದರೆ ಹಾವೇರಿ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ನಾಲ್ಕಾರು ಜನ ಕೈಕೈ ಹಿಡಿದು ನಿಂತರೂ ಸುತ್ತು ಮುಗಿಯದಷ್ಟು ದಪ್ಪ. ಅವು ಬಾವೊಬಾಬ್ ಮರಗಳು. ಪ್ರಪಂಚದಲ್ಲಿ ಬಾವೊಬಾಬ್‌ನ ಎಂಟು ಜಾತಿ ಇವೆ ಅನ್ನುವುದು ಸಾಮಾನ್ಯ ಲೆಕ್ಕ. ಅದರಲ್ಲಿ ಆರು ಮಡಗಾಸ್ಕರ್ ಬಿಟ್ಟು ಬೇರೆಲ್ಲೂ ತಾವಾಗಿ ಬೆಳೆಯುವುದಿಲ್ಲ. ಹಾಗಾದರೆ ಸವಣೂರಿನದು ಅಲ್ಲಿಂದ ಒಡೆದು ಬಂದ ನೆಲದ ಜೊತೆ ಬಂತಾ? ಇಲ್ಲ. ನಮ್ಮದು ಆಫ್ರಿಕಾದ ಜಾತಿ. ಮನುಷ್ಯರು, ಹಡಗಿನವರು ತಂದದ್ದು. ಯಾರು ತಂದರು ಅನ್ನೋಕೆ ಬೇರೆ ಬೇರೆ ಕಥೆಗಳಿವೆ. ಒಂಬತ್ತು ಕೋಟಿ ವರ್ಷಕ್ಕೂ ಇದಕ್ಕೂ ಸಂಬಂಧ ಇಲ್ಲ.

ಆಮೇಲೆ ಕಾಡುಪಾಪ. ತುಮಕೂರಿನ ದೇವರಾಯನದುರ್ಗದ ಕಡೆ ರಾತ್ರಿ ಟಾರ್ಚ್ ಹಾಕಿದರೆ ಎರಡು ದೊಡ್ಡ ಕಣ್ಣು ಹೊಳೆಯುತ್ತವೆ. ಮಡಗಾಸ್ಕರ್‌ನ ಲೀಮರ್‌ಗಳು ಇದರ ನೆಂಟರು. ಈ ನೆಂಟಸ್ತನ ನೋಡಿ 1864ರಲ್ಲಿ ಫಿಲಿಪ್ ಸ್ಕ್ಲೇಟರ್ ಅನ್ನುವ ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ಒಂದು ಊಹೆ ಮುಂದಿಟ್ಟ. ಭಾರತ ಮತ್ತು ಮಡಗಾಸ್ಕರ್ ನಡುವೆ ಒಂದು ಖಂಡ ಇತ್ತು, ಅದು ಮುಳುಗಿಹೋಯಿತು ಅಂದ. ಅದಕ್ಕೆ ಲೆಮೂರಿಯಾ ಅಂತ ಹೆಸರಿಟ್ಟ. ಖಂಡಗಳೇ ಸರಿಯುತ್ತವೆ ಅಂತ ಆಲ್‌ಫ್ರೆಡ್ ವೆಗೆನರ್ ಹೇಳಿದ್ದು 1912ರಲ್ಲಿ. ಅದನ್ನು ಜನ ಒಪ್ಪೋಕೆ ಇನ್ನೂ ಅರ್ಧ ಶತಮಾನ ಬೇಕಾಯಿತು. ಸ್ಕ್ಲೇಟರ್ ಕೇಳಿದ ಪ್ರಶ್ನೆ ನನಗೆ ಈಗಲೂ ಬಹಳ ದೊಡ್ಡದು ಅನಿಸುತ್ತದೆ. ಉತ್ತರ ಬೇರೆಯಾಯಿತು ಅಷ್ಟೇ. ಲೀಮರ್‌ಗಳ ಪೂರ್ವಜರು ಆಫ್ರಿಕಾದಿಂದ ಸಮುದ್ರದ ಮೇಲೆ, ಕೊಚ್ಚಿಹೋದ ಮರಗಿಡಗಳ ರಾಶಿಯ ಜೊತೆ ತೇಲಿ ಬಂದವು ಅನ್ನುವುದು ಈಗ ಹೆಚ್ಚು ಜನ ಒಪ್ಪುವ ಮಾತು. ಅದೂ ಭಾರತ ಬೇರೆಯಾದ ಎಷ್ಟೋ ಕಾಲದ ಮೇಲೆ.

ನಿಜವಾಗಿ ನೆಲದ ಜೊತೆ ಬಂದದ್ದು ಒಂದು ಕಪ್ಪೆ. ಕೇರಳದ ಇಡುಕ್ಕಿಯಲ್ಲಿ ಸಿಕ್ಕಿದ ನೇರಳೆ ಕಪ್ಪೆಯನ್ನು ವಿಜ್ಞಾನಿಗಳು 2003ರಲ್ಲಿ ಲೋಕಕ್ಕೆ ಪರಿಚಯಿಸಿದರು. ವರ್ಷದ ಹೆಚ್ಚಿನ ದಿನ ಮಣ್ಣಿನೊಳಗೇ ಇರುವ ಜೀವ. ಅದರ ಹತ್ತಿರದ ಬಂಧುಗಳು ಇರುವುದು ಸೇಶೆಲ್ಸ್ ದ್ವೀಪಗಳಲ್ಲಿ. ಮಡಗಾಸ್ಕರ್ ಬಿಟ್ಟುಹೋದ ಮೇಲೂ ಸೇಶೆಲ್ಸ್ ಒಂದಿಷ್ಟು ಕಾಲ ಭಾರತದ ಜೊತೆಗೇ ಇತ್ತು. ಕಪ್ಪೆಗೆ ಉಪ್ಪುನೀರು ಆಗಿಬರುವುದಿಲ್ಲ. ಹಾಗಾಗಿ ಅದು ನಡೆದದ್ದೆಲ್ಲ ನೆಲದ ಮೇಲೆಯೇ.

ಇನ್ನೊಂದು ಕಲ್ಲು. ಇದು ಮಲ್ಪೆಯ ಲಾವಾಕ್ಕಿಂತ ಎಷ್ಟೋ ಹಳೆಯದು, ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯವೂ ಹೌದು. ದಕ್ಷಿಣ ಭಾರತದ ಅಡಿಪಾಯದ ಬಂಡೆಗಳ ದೊಡ್ಡ ಭಾಗಕ್ಕೆ ಜಗತ್ತಿನ ಭೂವಿಜ್ಞಾನಿಗಳು ‘ಧಾರವಾಡ ಕ್ರೇಟಾನ್’ ಅನ್ನುತ್ತಾರೆ. ಕ್ರೇಟಾನ್ ಅಂದರೆ ಖಂಡದ ಹಳೆಯ, ಗಟ್ಟಿಯಾದ ನೆಲೆ. 19ನೇ ಶತಮಾನದ ಕೊನೆಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅನ್ನುವ ಭೂವಿಜ್ಞಾನಿ ಇಲ್ಲಿನ ಶಿಲೆಗಳಿಗೆ ನಮ್ಮ ಧಾರವಾಡದ ಹೆಸರಿಟ್ಟ. ಅದೇ ಮುಂದುವರಿಯಿತು. ಲಾಲ್‌ಬಾಗಿನ ಗುಡ್ಡ ಹತ್ತಿದವರು ಇದೇ ಕ್ರೇಟಾನಿನ ಮೇಲೆ ನಿಂತಿರುತ್ತಾರೆ. ಅಲ್ಲಿನ ಪಟ್ಟೆ ಪಟ್ಟೆಯ ನೈಸ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಮಡಗಾಸ್ಕರ್‌ನ ಈಶಾನ್ಯದಲ್ಲಿ ಅಂಟೋಂಗಿಲ್ ಅಂತ ಒಂದು ಕೊಲ್ಲಿ ಇದೆ. ಅದರ ಸುತ್ತಲಿನ ನೈಸ್ ಬಂಡೆಗಳೂ 300 ಕೋಟಿ ವರ್ಷ ದಾಟಿದವು. ಅದು ಧಾರವಾಡ ಕ್ರೇಟಾನಿನದೇ ಮುರಿದ ತುಂಡು ಅಂತ ಅನೇಕ ಸಂಶೋಧಕರು ವಾದಿಸುತ್ತಾರೆ. ಧಾರವಾಡದಲ್ಲಿ ಓದುವ ಹುಡುಗಿಗೆ ಇದಕ್ಕಿಂತ ದೊಡ್ಡ ಆಮಂತ್ರಣ ಬೇಕಾ?

ಆ ಬಂಡೆಯ ಮುಂದೆ ಕೂತು ಲೆನ್ಸ್ ಹಿಡಿದು ನೋಡಬೇಕು. ಬಿಳಿ ಪಟ್ಟಿ, ಕಪ್ಪು ಪಟ್ಟಿ, ಅವು ಹೇಗೆ ಬಳುಕಿವೆ, ಅದರ ಹರಳು ಎಷ್ಟು ದೊಡ್ಡದು. ಪುಸ್ತಕದಲ್ಲಿ ಓದಿದ್ದು ನನ್ನ ಕಣ್ಣಿಗೂ ಹಾಗೇ ಕಾಣುತ್ತದಾ? ಹಾಗೆ ಕಾಣದಿದ್ದರೂ ಖುಷಿಯೇ. ಇಷ್ಟಕ್ಕೇ ಅಷ್ಟು ದೂರ ಹೋಗಬೇಕಾ ಅಂದರೆ, ಹೌದು, ಇಷ್ಟಕ್ಕೇ.

ಈ ಆಸೆ ಬೇರೆ ದಿನಗಳಲ್ಲಿ ಎಲ್ಲಿರುತ್ತದೆ ಅಂತಲೂ ಕೇಳುತ್ತಾರೆ. ಬ್ಯಾಗಿನಲ್ಲಿರುತ್ತದೆ. ಫೀಲ್ಡಿನಿಂದ ಬರುವಾಗ ಹುಬ್ಬಳ್ಳಿಯಲ್ಲಿ ಚಿಗರಿ ಬಸ್ ಹತ್ತಿದರೆ ಪಕ್ಕದವರು ‘ಏನ್ ತಂಗಿ, ಬ್ಯಾಗಿನ್ಯಾಗ ಕಲ್ಲ ತುಂಬೀ ಏನ?’ ಅನ್ನುತ್ತಾರೆ. ‘ಹೌದ್ರಿ’ ಅಂತೀನಿ. ಅವರು ನಗುತ್ತಾರೆ. ಜಿಪ್ ತೆಗೆದು ತೋರಿಸಿದ ಮೇಲೆ ನವನಗರ ದಾಟುವವರೆಗೂ ಮಾತು ನಿಲ್ಲುವುದಿಲ್ಲ. ಒಬ್ಬ ಅಜ್ಜ ತಮ್ಮ ಹೊಲದ ಬಾವಿ ತೋಡುವಾಗ ಎಷ್ಟು ಅಡಿಗೆ ಯಾವ ಕಲ್ಲು ಸಿಕ್ಕಿತು ಅಂತ ಮೇಲಿನಿಂದ ಕೆಳಗಿನವರೆಗೆ ಪದರ ಪದರವಾಗಿ ಹೇಳಿದರು. ನಾನು ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಕಲ್ಲಿನ ಬಗ್ಗೆ ಜನಕ್ಕೆ ಆಸಕ್ತಿ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದೇ ಇಲ್ಲ. ಕೇಳುವವರು ಬೇಕು, ಅಷ್ಟೇ.

ದುಡ್ಡಿನ ಪ್ರಶ್ನೆ ಬಂದೇ ಬರುತ್ತದೆ. ಪಾಸ್‌ಪೋರ್ಟ್ ಆಗಿದೆ. ಬೆಂಗಳೂರಿನಿಂದ ಅಡಿಸ್ ಅಬಾಬಾ ದಾರಿಯಾಗಿ ಮಡಗಾಸ್ಕರ್‌ನ ರಾಜಧಾನಿ ಅಂಟಾನನರಿವೊಗೆ ಹೋಗಬಹುದು. ಟಿಕೆಟ್ ಅಗ್ಗವಲ್ಲ. ನನ್ನ ಲೆಕ್ಕ ಹೀಗಿದೆ: ನೆಟ್ ಪರೀಕ್ಷೆ ಪಾಸಾಗಿ ಫೆಲೋಶಿಪ್ ಸಿಗಬೇಕು, ಪಿಎಚ್.ಡಿ.ಯ ವಿಷಯ ಇದರ ಆಸುಪಾಸಿನದೇ ಇರಬೇಕು. ಆಗ ಸುತ್ತಾಟವೂ ಓದೂ ಒಂದೇ ಆಗುತ್ತದೆ. ಅದಕ್ಕೆ ಕೆಲವು ವರ್ಷ ಹಿಡಿಯುತ್ತದೆ. ಹಿಡಿಯಲಿ.

ಅವ್ವನನ್ನೂ ಕರೆದುಕೊಂಡು ಹೋಗುತ್ತೇನೆ. ಇದು ಮೊದಲು ನನ್ನ ಯೋಜನೆಯಲ್ಲಿ ಇರಲಿಲ್ಲ. ಅಲ್ಲಿನ ಜನರ ಬಗ್ಗೆ ಓದುತ್ತಾ ಅವ್ವನಿಗೆ ಹೇಳುತ್ತಿದ್ದೆ. ಮಲಗಾಸಿ ಭಾಷೆಯ ಹತ್ತಿರದ ನಂಟು ಆಫ್ರಿಕಾದ ಭಾಷೆಗಳ ಜೊತೆ ಅಲ್ಲ, ಇಂಡೋನೇಷ್ಯಾದ ಬೋರ್ನಿಯೊ ದ್ವೀಪದ ಭಾಷೆಯ ಜೊತೆ. ಅವರ ಹಿರಿಯರಲ್ಲಿ ಒಂದು ಪಾಲು ಹಿಂದೂ ಮಹಾಸಾಗರ ದಾಟಿ ಬಂದವರು, ಭತ್ತದ ಬೇಸಾಯ ಬಲ್ಲವರು. ಈಗಲೂ ಅಲ್ಲಿ ದಿನಕ್ಕೆ ಮೂರು ಹೊತ್ತು ಅನ್ನ ಉಣ್ಣುವವರಿದ್ದಾರೆ. ಅನ್ನ ಮಾಡಿದ ಪಾತ್ರೆಯ ತಳದಲ್ಲಿ ಹತ್ತಿ ಕಂದಾಗಿರುವ ಪದರಕ್ಕೆ ನೀರು ಹಾಕಿ ಕುದಿಸಿ, ಊಟದ ಜೊತೆ ಕುಡಿಯುತ್ತಾರೆ. ಇದನ್ನು ಕೇಳಿ ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ‘ಹತ್ತಿದ್ದನ್ನೂ ಬಿಡೂದಿಲ್ಲ ಅಂದ್ರ ಛಲೋ ಮಂದಿ’ ಅಂದಳು. ಅವರ ಗದ್ದೆ ನೋಡಬೇಕಂತೆ. ಗುಡ್ಡದ ಇಳಿಜಾರಿಗೆ ನೀರು ಹೇಗೆ ಕಟ್ಟುತ್ತಾರೆ ಅಂತ ಕೇಳಿದಳು. ನನಗೆ ಅದು ಗೊತ್ತಿರಲಿಲ್ಲ, ಓದಿ ಹೇಳುತ್ತೇನೆ ಅಂದೆ.

ತಿಂಗಳು ನಿಕ್ಕಿ ಮಾಡಿದ್ದೂ ಅವ್ವನೇ. ‘ಅಲ್ಲಿ ಮಳಿ ಯಾವಾಗ?’ ಅಂತ ಕೇಳಿದಳು. ನವೆಂಬರಿನಿಂದ ಏಪ್ರಿಲ್ ತನಕ ಅಲ್ಲಿ ಮಳೆಗಾಲ, ಜನವರಿಯಿಂದ ಮಾರ್ಚ್ ಚಂಡಮಾರುತದ ಕಾಲ ಅಂದೆ. ಅಂಟೋಂಗಿಲ್ ಕಡೆ ಅಂತೂ ಬೇರೆ ತಿಂಗಳಲ್ಲೂ ಸುರಿಯುತ್ತದೆ, ಸೆಪ್ಟೆಂಬರ್ ಹೊತ್ತಿಗೆ ಸ್ವಲ್ಪ ಬಿಡುವು. ಅವ್ವ ಬೆರಳು ಎಣಿಸಿದಳು. ಜೂನಿನಲ್ಲಿ ಬಿತ್ತನೆ, ಬಿಟ್ಟು ಬರೋಕಾಗಲ್ಲ. ಜುಲೈ, ಆಗಸ್ಟ್ ಕಳೆ, ಎಡೆ ಹೊಡೆಯೋದು. ಅಕ್ಟೋಬರಿಗೆ ಗೋವಿನಜೋಳದ ತೆನೆ ಮುರಿಯೋದು ಶುರು. ‘ಸೆಪ್ಟೆಂಬರಿನ್ಯಾಗ ಹೋಗೂಣು. ಹದಿನೈದ ದಿನದ ಮ್ಯಾಲ ಒಂದ ದಿನಾನೂ ನಿಂದ್ರೂದಿಲ್ಲ’ ಅಂದಳು. ಕೊಲ್ಲಿಗೆ ಬರುವ ತಿಮಿಂಗಿಲಗಳೂ ಆ ತಿಂಗಳು ಇನ್ನೂ ಅಲ್ಲೇ ಇರುತ್ತವೆ. ಅದನ್ನು ಕಾಕಾನಿಗೂ ಹೇಳಿದ್ದೇನೆ. ಸ್ವಿಟ್ಜರ್ಲೆಂಡಿನಲ್ಲಿ ತಿಮಿಂಗಿಲ ಇಲ್ಲ ಅನ್ನುವುದನ್ನು ಅವನೂ ಒಪ್ಪಿದ್ದಾನೆ.