ಆಟಿ ತಿಂಗಳಲ್ಲಿ ಮೊಳಗಿದ ಗಗ್ಗರ

ತುಳುನಾಡಿನ ದೈವಾರಾಧನೆಗೆ ಮೀಸಲಾದ ವಸ್ತುಸಂಗ್ರಹಾಲಯವೊಂದರ ವಿನ್ಯಾಸ ತಂಡದಲ್ಲಿ ನಾನಿದ್ದೇನೆ. ಮೂರನೇ ಗ್ಯಾಲರಿಯ ಮಾಕ್‌ಅಪ್ ಪರಿಶೀಲನೆಯ ದಿನವನ್ನು ನೆನೆದರೆ ಈಗಲೂ ಮನಸ್ಸು ಮುದುಡುತ್ತದೆ. ಕಾಮಗಾರಿಯ ಬಾಬತ್ತುಗಳ ಪಟ್ಟಿಯಾದ ಬಿಒಕ್ಯುನಲ್ಲಿ ‘ಇಮ್ಮರ್ಸಿವ್ ಅನುಭವ’, ಅಂದರೆ ನೋಡುಗರನ್ನು ಒಳಗೇ ಮುಳುಗಿಸುವ ಅನುಭವ, ಎಂಬ ಬಾಬತ್ತಿತ್ತು. ಅದರಂತೆ ಕಪ್ಪು ಗೋಡೆಯ ಕತ್ತಲ ಕೋಣೆ, ಗಾಜಿನ ಪೆಟ್ಟಿಗೆಯಲ್ಲಿ ಹಂದಿರೂಪದ ದೈವ ಪಂಜುರ್ಲಿಯ ಮೊಗದ (ಮುಖವಾಡದ) ಎರಕದ ಪ್ರತಿಕೃತಿ, ಯಾರಾದರೂ ಕಾಲಿಟ್ಟೊಡನೆ ಸೆನ್ಸರ್‌ನಿಂದ ಮೊಳಗುವ ಗಗ್ಗರದ, ಅಂದರೆ ದೈವ ಕಟ್ಟುವವರ ಕಾಲ್ಗಡಗದ, ಧ್ವನಿ, ಎಲ್ಲವೂ ಸಿದ್ಧವಾಗಿದ್ದವು.

ಸಲಹೆಗಾರರಾಗಿ ಬಂದಿದ್ದವರು ತಲೆಮಾರುಗಳಿಂದ ದೈವದ ಚಾಕರಿ ಮಾಡುತ್ತಿರುವ ಕುಟುಂಬದ ಹಿರಿಯರು. ಅವರು ಹೊಸಿಲು ದಾಟಿದೊಡನೆ ಗಗ್ಗರ ಮೊಳಗಿತು. ಅವರು ಥಟ್ಟನೆ ಚಪ್ಪಲಿ ಕಳಚಿ, ಹೆಗಲ ಮೇಲಿನ ಶಾಲನ್ನು ಸೊಂಟಕ್ಕೆ ಸುತ್ತಿ, ಕೈಮುಗಿದು ನಿಂತುಬಿಟ್ಟರು. ಹಿಂದಿನಿಂದ ಧ್ವನಿ-ದೃಶ್ಯ ಗುತ್ತಿಗೆದಾರರ ಹುಡುಗ ಕೇಬಲ್ ತೆಗೆದುಕೊಳ್ಳಲು ಒಳಬಂದ; ಸದ್ದು ಕಡಿದು ಮತ್ತೆ ಮೊದಲಿನಿಂದ ಶುರುವಾಯಿತು. ಅವನು ಹೊರಹೋಗುವಾಗಲೂ ಹಾಗೆಯೇ ಆಯಿತು. ಸ್ವಿಚ್ಚು ಬೀಗ ಹಾಕಿದ ರ‍್ಯಾಕ್‌ನೊಳಗಿತ್ತು, ಕೀಲಿಕೈ ಸೈಟ್ ಆಫೀಸಿನಲ್ಲಿತ್ತು. ಅದು ಬರುವವರೆಗೂ ಯಾರೂ ಮಾತಾಡಲಿಲ್ಲ, ಹಿರಿಯರು ಮುಗಿದ ಕೈ ಇಳಿಸಲೂ ಇಲ್ಲ.

ಸದ್ದಡಗಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: “ಅಪ್ಪಣೆ ಕೊಟ್ಟವರು ಯಾರು?” ಪ್ರಾಜೆಕ್ಟ್ ಮ್ಯಾನೇಜರ್ ಧ್ವನಿಮುದ್ರಣದ ಒಪ್ಪಿಗೆ ಪತ್ರವನ್ನು ಮುಂದೆ ಹಿಡಿದರು. ಕೇಳಿದ ಅಪ್ಪಣೆ ಅದಾಗಿರಲಿಲ್ಲ. ಗಗ್ಗರ ಕಟ್ಟುವ ಮುನ್ನ ನೆರೆದವರ ಒಪ್ಪಿಗೆ ಪಡೆಯುವ ಕ್ರಮವಿದೆ. ಮೊಗ, ಕಡ್ಸಲೆಗಳು (ದೈವದ ಖಡ್ಗಗಳು) ಅವುಗಳನ್ನು ಇರಿಸುವ ಭಂಡಾರದ ಮನೆಯಿಂದ ಇಳಿದು ದೈವದ ಸ್ಥಾನಕ್ಕೆ ಬಂದು, ದೈವದ ನರ್ತನಸೇವೆಯಾದ ಕೋಲ ಮುಗಿದ ಮೇಲೆ ಮರಳುವ ದಾರಿಯಿದೆ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ ಬರುವ ಪತ್ತನಾಜೆಯಂದು ಗಗ್ಗರ ಒಳಗೆ ಸೇರಿದರೆ ಮಳೆಗಾಲವಿಡೀ ಅದು ಮೌನವಾಗಿರುತ್ತದೆ. ನಾವು ಅದನ್ನು ಜುಲೈ-ಆಗಸ್ಟ್‌ನಲ್ಲಿ ಬರುವ ಆಟಿ ತಿಂಗಳ ಜಡಿಮಳೆಯಲ್ಲಿ ಮೊಳಗಿಸಿದ್ದೆವು.

ನನ್ನ ಮಟ್ಟಿಗೆ ಆ ಗ್ಯಾಲರಿಯ ಹಳೆಯ ವಿನ್ಯಾಸ ಅಂದೇ ಬಿದ್ದುಹೋಯಿತು. ಈ ನೆಲದ ಧರ್ಮವನ್ನು ತೋರಿಸುವ ಕಟ್ಟಡವು ಈ ನೆಲದ ಋತುವಿಗೂ ಒಳಪಡಬೇಕೆಂದು ವಾದಿಸಿದೆ. ಹೊಸ ನಕ್ಷೆಯಲ್ಲಿ ಮುರಕಲ್ಲಿನ ಗೋಡೆ, ತಗ್ಗಿದ ಮಾಡು, ಚಾವಡಿಯಿಂದ ದೈವದ ಬನದ (ಮರಗಳ ತೋಪಿನ) ಅಂಚಿನವರೆಗೆ ತೆರೆದ ನಡಿಗೆಯಿದೆ. ದೈವದ ಬೆನ್ನಿಗೆ ಕಟ್ಟುವ ಅಣಿಯನ್ನು ಫೈಬರ್‌ನಲ್ಲಿ ಅಚ್ಚು ಹಾಕಿ ನಿಲ್ಲಿಸುವ ಬದಲು, ತೆಂಗಿನ ತಿರಿಯನ್ನು ಸೀಳಿ ಹೆಣೆಯುವ ಕೈಗಳಿಗೆ ಕೆಲಸದ ಜಗಲಿಯನ್ನೇ ಕೊಟ್ಟಿದ್ದೇವೆ. ಎಳೆಯ ಗರಿ ಒಂದೆರಡು ದಿನದಲ್ಲಿ ಬಾಡುತ್ತದೆ. ಕೋಣೆಯ ಸಾಪೇಕ್ಷ ಆರ್ದ್ರತೆಯನ್ನು ಶೇಕಡ ಐವತ್ತಕ್ಕೆ ನಿಲ್ಲಿಸಿದರೂ ಅದು ಉಳಿಯದು, ಉಳಿಯಲೆಂದು ಅದನ್ನು ಯಾರೂ ಕಟ್ಟುವುದೂ ಇಲ್ಲ.

ಆಡಳಿತದವರು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿರುವ ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಮರದ ದೈವವಿಗ್ರಹಗಳನ್ನು ಎತ್ತಿ ಹೇಳುತ್ತಾರೆ. ಅವು ಅದ್ಭುತವಾಗಿವೆ. ಆದರೆ ಹೊಸ ವಿಗ್ರಹಗಳು ಬಂದ ಮೇಲೆ ಪೂಜೆಯಿಂದ ಹೊರಬಂದವು ಅವು. ಇಂದಿಗೂ ಭಂಡಾರದ ಉಯ್ಯಾಲೆಯ ಮೇಲಿರುವ ಮೊಗಕ್ಕೆ ಆ ಲೆಕ್ಕ ಹಿಡಿಯುವುದಿಲ್ಲ.

ಸ್ಪೀಕರ್‌ಗಳು ಹೊರಬಿದ್ದಿವೆ. ಅದೊಂದು ಬಾಬತ್ತು ಕಳೆಯಲು ಹಿಡಿದ, ಗುತ್ತಿಗೆಯ ಕೆಲಸ ಬದಲಿಸುವ ವೇರಿಯೇಷನ್ ಆರ್ಡರ್‌ನ ಕಾಗದಗಳಲ್ಲಿ ಗ್ಯಾಲರಿಯನ್ನೇ ಹೊಸದಾಗಿ ಬರೆಯಬಹುದಿತ್ತು. ಬನದ ಸುತ್ತ ಗ್ರಾನೈಟ್ ಹಾಸುವ ಬಾಬತ್ತು ಮಾತ್ರ ಇನ್ನೂ ಉಳಿದಿದೆ. ಬೇರಿಗೆ ನೀರಿಳಿಯದಂತೆ ಕಲ್ಲು ಮುಚ್ಚಿದರೆ ಅಲ್ಲಿ ಬನ ಉಳಿಯುವುದಿಲ್ಲವೆಂದು ಲಿಖಿತ ಆಕ್ಷೇಪ ಸಲ್ಲಿಸಿದ್ದೇನೆ. ಮುಂದಿನ ಸಭೆಗೆ ಆ ಹಿರಿಯರನ್ನೂ ಕರೆಯಬೇಕೆಂದು ಅದರಲ್ಲೇ ಕೇಳಿದ್ದೇನೆ.